ಚಕ್ರ ಹಿಡಿದರೆ ಆಕ್ಸಲ್ ಮುರಿಯುತ್ತದೆ: ಡ್ರ್ಯಾಗ್ ರೇಸಿನ ಪಿಕ್-ಅಪ್ ಮತ್ತು ಬಿಡಿಭಾಗ ತಯಾರಕರ ಲೆಕ್ಕ

ನಮ್ಮ ಸದಸ್ಯರಲ್ಲಿ ವಾಹನ ಬಿಡಿಭಾಗಗಳನ್ನು ತಯಾರಿಸುವವರು, ಎರಕ ಹೊಯ್ಯುವವರು, ಗೇರು ಕತ್ತರಿಸುವವರು, ಚಕ್ರ ಮತ್ತು ಟೈರುಗಳ ವ್ಯಾಪಾರದಲ್ಲಿ ತೊಡಗಿರುವವರು ಸಾಕಷ್ಟು ಮಂದಿ ಇದ್ದಾರೆ. ಇವರ ವಹಿವಾಟು ಬಹುಮಟ್ಟಿಗೆ ಸವೆದ ಭಾಗಕ್ಕೆ ಬದಲಾಗಿ ಅದೇ ಅಳತೆಯ ಹೊಸ ಭಾಗವನ್ನು ಒದಗಿಸುವುದಕ್ಕೆ ಸೀಮಿತವಾಗಿದೆ. ಅಮೆರಿಕದಲ್ಲಿ ಇದರ ಜೊತೆಗೆ ಇನ್ನೊಂದು ಬಗೆಯ ಮಾರುಕಟ್ಟೆ ಬೆಳೆದು ನಿಂತಿದೆ. ಅಲ್ಲಿ ಗಿರಾಕಿಯು ಸುಸ್ಥಿತಿಯಲ್ಲಿರುವ ಭಾಗವನ್ನೇ ಕಳಚಿ, ಅದಕ್ಕಿಂತ ಬಲವಾದ ಅಥವಾ ಹಗುರವಾದ ಭಾಗವನ್ನು ಕೊಂಡು ಜೋಡಿಸುತ್ತಾನೆ. ಆ ಮಾರುಕಟ್ಟೆಯ ಒಂದು ಮೂಲೆಯನ್ನು, ಅಂದರೆ ರಸ್ತೆಯಲ್ಲಿ ಓಡುವ ಪಿಕ್-ಅಪ್ ಟ್ರಕ್ಕನ್ನು ಡ್ರ್ಯಾಗ್ ರೇಸಿಗೆ ಅಣಿಗೊಳಿಸುವಾಗ ಚಕ್ರಗಳಲ್ಲಿಯೂ ಚಾಲನಾ ಸರಣಿಯಲ್ಲಿಯೂ ಮಾಡುವ ಮಾರ್ಪಾಡುಗಳನ್ನು, ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಲೇಖಕನು ಎಂಜಿನಿಯರನಲ್ಲ, ಲೆಕ್ಕಪರಿಶೋಧಕ. ಆದರೂ ಈ ವಿಷಯದಲ್ಲಿ ವೆಚ್ಚಶಾಸ್ತ್ರದ ಒಂದು ಮುಖ್ಯ ಪಾಠ ಅಡಗಿದೆ. ಒಂದು ಭಾಗವನ್ನು ಬಲಪಡಿಸಿದೊಡನೆ ಹೊರೆಯು ಮುಂದಿನ ಭಾಗಕ್ಕೆ ವರ್ಗಾವಣೆಯಾಗುತ್ತದೆ. ಹೊರೆಯ ಹಿಂದೆಯೇ ಖರ್ಚೂ ಹೋಗುತ್ತದೆ.

ಸ್ಪರ್ಧೆ ಮತ್ತು ವಾಹನ

ಡ್ರ್ಯಾಗ್ ರೇಸ್ ಎಂದರೆ ಎರಡು ವಾಹನಗಳು ನಿಂತ ಸ್ಥಿತಿಯಿಂದ ಹೊರಟು ನೇರವಾದ ಪಟ್ಟಿಯ ಮೇಲೆ ಕಾಲು ಮೈಲಿ, ಅಂದರೆ 1,320 ಅಡಿ ಅಥವಾ ಸುಮಾರು 402 ಮೀಟರ್, ಓಡುವ ಸ್ಪರ್ಧೆ. ತಿರುವಿಲ್ಲ, ಸುತ್ತಿಲ್ಲ. ಇದಕ್ಕೆ ಶಿಸ್ತು ತಂದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸಂಸ್ಥೆಯನ್ನು ವಾಲಿ ಪಾರ್ಕ್ಸ್ ಅವರು 1951ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದರು. ಬೀದಿಯಲ್ಲಿ ಓಟ ಕಟ್ಟುತ್ತಿದ್ದ ಯುವಕರನ್ನು ಮುಚ್ಚಿದ ಪಟ್ಟಿಗೆ ಕರೆತರುವುದು ಅದರ ಮೂಲ ಉದ್ದೇಶಗಳಲ್ಲೊಂದು.

ಪ್ರತಿ ಓಟದ ನಂತರ ಚಾಲಕನಿಗೆ ಒಂದು ಚೀಟಿ ದೊರೆಯುತ್ತದೆ. 60 ಅಡಿ, 330 ಅಡಿ, 660 ಅಡಿ, 1,000 ಅಡಿ, ಕೊನೆಗೆ 1,320 ಅಡಿಯಲ್ಲಿ ಎಷ್ಟು ಸಮಯವಾಯಿತೆಂಬುದು ಅದರಲ್ಲಿ ಮುದ್ರಿತವಾಗಿರುತ್ತದೆ. ಲೆಕ್ಕಿಗನ ಕಣ್ಣಿಗೆ ಇದೊಂದು ಅಚ್ಚುಕಟ್ಟಾದ ತಾಳೆಪಟ್ಟಿ. ನಷ್ಟವು ಯಾವ ಖಾತೆಯಲ್ಲಿ ಆಗಿದೆಯೆಂಬುದನ್ನು ಅದು ತೋರಿಸಿಕೊಡುತ್ತದೆ. ಮೊದಲ 60 ಅಡಿಯಲ್ಲಿ ಉಳಿಸಿದ ಸೆಕೆಂಡಿನ ಹತ್ತನೇ ಒಂದು ಭಾಗವು ಕೊನೆಯ ಗೆರೆಯಲ್ಲಿ ಒಂದೂವರೆಯಿಂದ ಎರಡು ಪಟ್ಟಾಗಿ ಕಾಣುತ್ತದೆಂಬುದು ಅನುಭವಸ್ಥರ ರೂಢಿಯ ಲೆಕ್ಕ.

ಉದಾಹರಣೆಗೆ ಫೋರ್ಡ್ ಕಂಪನಿಯ ಎಫ್-150 ಲೈಟ್ನಿಂಗ್ ಎಂಬ ಪಿಕ್-ಅಪ್ಪನ್ನು ತೆಗೆದುಕೊಳ್ಳೋಣ. ಅದರ ಎರಡನೆಯ ಪೀಳಿಗೆ 1999ರಿಂದ 2004ರವರೆಗೆ ಮಾರಾಟವಾಯಿತು. (ಅದೇ ಹೆಸರನ್ನು 2022ರಲ್ಲಿ ವಿದ್ಯುತ್ ಚಾಲಿತ ಪಿಕ್-ಅಪ್ಪಿಗೆ ಇಡಲಾಯಿತು, ಇಲ್ಲಿ ಪ್ರಸ್ತಾಪಿಸಿರುವುದು ಪೆಟ್ರೋಲ್ ವಾಹನವನ್ನು.) ಸೂಪರ್‌ಚಾರ್ಜರ್ ಹೊಂದಿದ 5.4 ಲೀಟರಿನ ಎಂಟು ಸಿಲಿಂಡರ್ ಎಂಜಿನ್, 2001ರ ನಂತರದ ಮಾದರಿಗಳಲ್ಲಿ 380 ಅಶ್ವಶಕ್ತಿ, ಸುಮಾರು 62 ಕಿಲೊಗ್ರಾಂ-ಮೀಟರ್ ತಿರುಚು ಬಲ, ನಾಲ್ಕು ಗತಿಯ ಸ್ವಯಂಚಾಲಿತ ಗೇರ್ ಬಾಕ್ಸ್, 3.73 ಅನುಪಾತದ ಕ್ರೌನ್-ಪಿನಿಯನ್, ಹಿಂದೆ ಪಟ್ಟಿ ಸ್ಪ್ರಿಂಗು, 18 ಇಂಚಿನ ಚಕ್ರಕ್ಕೆ 295/45 ಅಳತೆಯ ಟೈರು. ತೂಕ ಸುಮಾರು 2,100 ಕಿಲೊ. ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ ಇದು ಹದಿನಾಲ್ಕು ಸೆಕೆಂಡಿನ ಆಸುಪಾಸಿನಲ್ಲಿ ಕಾಲು ಮೈಲಿ ಮುಗಿಸುತ್ತಿತ್ತು.

ಕಿಲೊಗ್ರಾಂ ಲೆಕ್ಕ

ಇಂತಹ ವಾಹನ ಕೊಂಡವನು ಮೊದಲು ಎಂಜಿನ್ನಿನ ಶಕ್ತಿ ಹೆಚ್ಚಿಸಲು ಹೊರಡುತ್ತಾನೆ. ಅದು ಎಷ್ಟು ಸರಿಯೆಂಬುದನ್ನು ಅಂಕಿಗಳಲ್ಲಿಯೇ ನೋಡೋಣ.

ಎಂಜಿನ್ನಿನ 62 ಕಿಲೊಗ್ರಾಂ-ಮೀಟರ್ ಬಲವು ಮೊದಲ ಗೇರಿನಲ್ಲಿ 2.71 ಪಟ್ಟು, ಕ್ರೌನ್-ಪಿನಿಯನ್‌ನಲ್ಲಿ ಮತ್ತೆ 3.73 ಪಟ್ಟು ವೃದ್ಧಿಯಾಗಿ ಹಿಂದಿನ ಆಕ್ಸಲಿನಲ್ಲಿ ಸುಮಾರು 627 ಆಗುತ್ತದೆ. ಟೈರಿನ ವ್ಯಾಸ 723 ಮಿ.ಮೀ., ಅಂದರೆ ತ್ರಿಜ್ಯ 0.36 ಮೀಟರ್. ಭಾಗಿಸಿದರೆ ನೆಲವನ್ನು ಹಿಂದಕ್ಕೆ ತಳ್ಳುವ ಬಲ 1,700 ಕಿಲೊಗೂ ಮಿಗಿಲು. ಹೊರಡುವ ಕ್ಷಣದಲ್ಲಿ ಟಾರ್ಕ್ ಕನ್ವರ್ಟರು ಇದನ್ನು ಇನ್ನೂ ಸುಮಾರು ಇಮ್ಮಡಿಗೊಳಿಸಬಲ್ಲದು. ಘರ್ಷಣೆಯಲ್ಲಿ ಸೋರುವುದನ್ನು ಬಿಡೋಣ. ಇದು ಜಮೆಯ ಬದಿ.

ಈಗ ಖರ್ಚಿನ ಬದಿ. ಖಾಲಿ ಪಿಕ್-ಅಪ್ಪಿನ ಹಿಂಭಾಗ ಹಗುರ. ಒಟ್ಟು ತೂಕದಲ್ಲಿ ಶೇ. 42ರಷ್ಟು ಮಾತ್ರ ಹಿಂದಿನ ಆಕ್ಸಲಿನ ಮೇಲಿದೆಯೆಂದು ಹಿಡಿದರೆ 882 ಕಿಲೊ. ವಾಹನ ಮುನ್ನುಗ್ಗಿದಾಗ ಮೂತಿ ಎದ್ದು, ಮುಂದಿನ ತೂಕದ ಒಂದಂಶ ಹಿಂದಕ್ಕೆ ಸರಿಯುತ್ತದೆ. ಗುರುತ್ವ ಕೇಂದ್ರದ ಎತ್ತರ 70 ಸೆಂ.ಮೀ., ಚಕ್ರಾಂತರ 3.04 ಮೀಟರ್ ಎಂದಿಟ್ಟುಕೊಂಡರೆ, ಸಾಮಾನ್ಯ ರಸ್ತೆ ಟೈರಿನ ಹಿಡಿತಕ್ಕೆ ಸುಮಾರು 265 ಕಿಲೊ ಹೀಗೆ ಸರಿದು ಬರುತ್ತದೆ. ಒಳ್ಳೆಯ ರಸ್ತೆ ಟೈರು ತನ್ನ ಮೇಲಿನ ತೂಕದಷ್ಟೇ ಬಲವನ್ನು ನೆಲಕ್ಕೆ ದಾಟಿಸಬಲ್ಲದು. ಆದ್ದರಿಂದ ಗರಿಷ್ಠ ಮಿತಿ ಸುಮಾರು 1,150 ಕಿಲೊ.

ಜಮೆ 1,700ರಿಂದ 3,400 ಕಿಲೊ. ಬಳಕೆಯಾಗಬಲ್ಲದ್ದು 1,150 ಕಿಲೊ. ಉಳಿದದ್ದು ಹೊಗೆಯಾಗಿ ಹೋಗುತ್ತದೆ. ಇದು ಅಲಂಕಾರದ ಮಾತಲ್ಲ, ಟೈರು ಸುಡುವ ಹೊಗೆ. ಈ ಹಂತದಲ್ಲಿ ಎಂಜಿನ್ನಿಗೆ ಹಣ ಹಾಕುವುದು, ಗೋದಾಮಿನಿಂದ ಸರಕು ಹೊರಗೆ ಹೋಗಲು ಒಂದೇ ಕಿರುಬಾಗಿಲಿರುವಾಗ ಉತ್ಪಾದನೆಯನ್ನು ದ್ವಿಗುಣಗೊಳಿಸಿದಂತೆ.

ಡ್ರ್ಯಾಗ್ ರೇಸಿಗೆಂದೇ ತಯಾರಾದ ಮೃದು ರಬ್ಬರಿನ ಟೈರು ಹಾಕಿ, ಗಾಳಿಯ ಒತ್ತಡ ಇಳಿಸಿ, ಓಟಕ್ಕೆ ಮುನ್ನ ನೀರಿನ ಮೇಲೆ ಚಕ್ರ ಸುತ್ತಿಸಿ ಕಾಯಿಸಿದರೆ ಹಿಡಿತ ಒಂದೂವರೆ ಪಟ್ಟಾಗಬಹುದು. ಹಿಡಿತ ಹೆಚ್ಚಿದಷ್ಟೂ ಹಿಂದಕ್ಕೆ ಸರಿಯುವ ತೂಕವೂ ಹೆಚ್ಚುವುದರಿಂದ ಒಟ್ಟು ಮಿತಿ 1,150ರಿಂದ ಸುಮಾರು 2,000 ಕಿಲೊಗೆ ಏರುತ್ತದೆ. ಗಿರಾಕಿಗೆ ಹರ್ಷ. ಆದರೆ ಇದೇ ಅಂಕಿಯನ್ನು ಆಕ್ಸಲಿನ ಕಡೆಯಿಂದ ಓದಬೇಕು. ಹಳೆಯ ಟೈರಿನಲ್ಲಿ ಆಕ್ಸಲಿನ ಮೇಲೆ ಬೀಳುತ್ತಿದ್ದ ತಿರುಚು ಸುಮಾರು 414 ಕಿಲೊಗ್ರಾಂ-ಮೀಟರ್. ಅದಕ್ಕಿಂತ ಹೆಚ್ಚಾದ ಕೂಡಲೇ ಟೈರು ಜಾರಿಬಿಡುತ್ತಿತ್ತು. ಹೊಸ ಟೈರಿನಲ್ಲಿ ಅದು ಸುಮಾರು 720. ಜಾರುವ ಟೈರು ಮನೆಯ ವಿದ್ಯುತ್ ಫಲಕದಲ್ಲಿರುವ ಫ್ಯೂಸಿನಂತೆ ಉಳಿದೆಲ್ಲ ಭಾಗಗಳನ್ನು ಕಾಯುತ್ತಿತ್ತು. ಆ ಫ್ಯೂಸನ್ನು ನಾವೇ ಕಿತ್ತುಹಾಕಿದ್ದೇವೆ. ಇನ್ನು ಸುಡುವುದು ಆಕ್ಸಲ್ ಶಾಫ್ಟೋ, ಪಿನಿಯನ್ನೋ, ಜಾಯಿಂಟ್ ಕ್ರಾಸೋ, ಯಾವುದು ದುರ್ಬಲವೋ ಅದು.

ಚಕ್ರ ಕೊಳ್ಳುವವನೂ ಮಾರುವವನೂ ತಿಳಿಯಬೇಕಾದದ್ದು

ಈ ವಾಹನದ ಹಬ್ಬಿನಲ್ಲಿ 135 ಮಿ.ಮೀ. ವೃತ್ತದ ಮೇಲೆ ಐದು ಸ್ಟಡ್ಡುಗಳಿವೆ. ಫೋರ್ಡ್ ತನ್ನ ದೊಡ್ಡ ಪಿಕ್-ಅಪ್ ಮತ್ತು ಅದೇ ಕುಟುಂಬದ ವಾಹನಗಳಿಗೆ ಬಳಸಿದ ಅಳತೆಯಿದು. ಅಮೆರಿಕದ ಕಾರುಗಳಲ್ಲಿ 114.3 ಅಥವಾ 120.65 ಮಿ.ಮೀ. ಸಾಮಾನ್ಯ, ಜನರಲ್ ಮೋಟರ್ಸಿನ ಪಿಕ್-ಅಪ್ಪುಗಳಲ್ಲಿ ಆರು ಸ್ಟಡ್ಡು, 139.7 ಮಿ.ಮೀ. ಹೀಗಾಗಿ ಕಾರಿಗೆಂದು ತಯಾರಾದ ರೇಸ್ ಚಕ್ರ ಇದಕ್ಕೆ ಕೂರುವುದಿಲ್ಲ. ಅಡಾಪ್ಟರ್ ಹಾಕಿ ಕೂರಿಸುವವರಿದ್ದಾರೆ. ಚಕ್ರ ಅಷ್ಟು ಹೊರಕ್ಕೆ ಸರಿದು ಬೇರಿಂಗಿನ ಮೇಲಿನ ಹೊರೆ ಬದಲಾಗುತ್ತದೆಂಬುದು ಅವರಿಗೆ ತಡವಾಗಿ ತಿಳಿಯುತ್ತದೆ.

ಹೊಂದಾಣಿಕೆಗಿಂತ ಮುಖ್ಯವಾದದ್ದು ಚಕ್ರದ ಭಾರಮಿತಿ. ಆಕ್ಸಲಿಗೆ ತಯಾರಕರು ನಿಗದಿಪಡಿಸಿದ ಗರಿಷ್ಠ ಹೊರೆಯ ಅರ್ಧಕ್ಕಿಂತ ಚಕ್ರದ ಮಿತಿ ಕಡಿಮೆಯಿರಬಾರದು. ಡ್ರ್ಯಾಗ್ ರೇಸಿನಲ್ಲಿ ಮುಂದೆ ಹಾಕುವ ಕಿರಿದಾದ, ಹಗುರವಾದ ಚಕ್ರಗಳಲ್ಲಿ ಅನೇಕವು ಹಗುರ ಕಾರುಗಳಿಗೆಂದು ಮಾಡಿದಂಥವು. ಎರಡು ಟನ್ನಿಗೂ ಮಿಗಿಲಾದ, ಮುಂಭಾಗವೇ ಭಾರವಾದ ಟ್ರಕ್ಕು ಗೆರೆ ದಾಟಿ ಬ್ರೇಕು ಒತ್ತಿದಾಗ ಪೂರಾ ಹೊರೆ ಬೀಳುವುದು ಅವುಗಳ ಮೇಲೆಯೇ. ಹಿಂದೆ ದಾರದ ಅಡ್ಡಹೆಣಿಗೆಯ ಸ್ಲಿಕ್, ಮುಂದೆ ರೇಡಿಯಲ್ ಎಂದು ಬೆರೆಸಿದರೆ ವೇಗದಲ್ಲಿ ವಾಹನ ತೂಗಾಡುವ ಸಂಭವವಿರುತ್ತದೆ.

ಸ್ಟಡ್ಡು ಚಿಕ್ಕ ಭಾಗ. ಆದರೆ ಪರೀಕ್ಷಕರು ಮೊದಲು ನೋಡುವುದು ಅದನ್ನೇ. ನಟ್ಟಿನೊಳಗೆ ಸ್ಟಡ್ಡಿನ ಮರೆಯು ಕನಿಷ್ಠಪಕ್ಷ ಸ್ಟಡ್ಡಿನ ವ್ಯಾಸದಷ್ಟು ಉದ್ದಕ್ಕೆ ಹಿಡಿದಿರಬೇಕೆಂಬುದು ಮೇಲೆ ಹೇಳಿದ ಸಂಸ್ಥೆಯ ನಿಯಮ. ದಪ್ಪ ಅಲ್ಯೂಮಿನಿಯಂ ಚಕ್ರ ಹಾಕಿ ಹಳೆಯ ಸ್ಟಡ್ಡನ್ನೇ ಉಳಿಸಿಕೊಂಡವನು ಇಲ್ಲಿಯೇ ಹಿಂದಿರುಗಬೇಕಾಗುತ್ತದೆ.

ಚಕ್ರ ಹಗುರವಾದರೆ ಒಂದು ಕಿಲೊ ಉಳಿತಾಯ ಎಂಟು ಕಿಲೊಗೆ ಸಮವೆಂದು ಹೇಳಿ ಮಾರುವವರಿದ್ದಾರೆ. ಇದು ಉತ್ಪ್ರೇಕ್ಷೆ. ತಿರುಗುವ ವಸ್ತುವನ್ನು ಮುಂದಕ್ಕೂ ಒಯ್ಯಬೇಕು, ಸುತ್ತಿಸಲೂ ಬೇಕು ಎಂಬ ಕಾರಣಕ್ಕೆ ಟೈರಿನ ಹೊರಮೈಯ ಒಂದು ಕಿಲೊ ಸುಮಾರು ಎರಡು ಕಿಲೊಗೆ ಸಮ. ಒಳಗಿನ ರಿಮ್ಮಿನ ಒಂದು ಕಿಲೊ ಒಂದೂವರೆಯ ಒಳಗೇ. ಉಳಿತಾಯ ನಿಜ, ಪ್ರಮಾಣ ಮಾತ್ರ ಸುಳ್ಳು.

ಇನ್ನು ವ್ಯಾಸ. 723 ಮಿ.ಮೀ. ಟೈರಿಗೆ ಬದಲಾಗಿ 26 ಇಂಚಿನ, ಅಂದರೆ 660 ಮಿ.ಮೀ. ಟೈರು ಹಾಕಿದರೆ 3.73 ಅನುಪಾತವು 4.08ರಂತೆ ಕೆಲಸ ಮಾಡುತ್ತದೆ. ಕ್ರೌನ್-ಪಿನಿಯನ್ ಬದಲಿಸಿ 4.10 ಹಾಕಿದ್ದಕ್ಕೂ ಇದಕ್ಕೂ ಬಹುತೇಕ ವ್ಯತ್ಯಾಸವಿಲ್ಲ. ಟೈರನ್ನು ಹೇಗೂ ಕೊಳ್ಳಲೇಬೇಕಾಗಿರುವುದರಿಂದ ಅನುಪಾತದ ಬದಲಾವಣೆಗೆ ತಗಲುವ ಹೆಚ್ಚುವರಿ ವೆಚ್ಚ ಶೂನ್ಯ. ಗೇರು, ಬೇರಿಂಗು, ಶಿಮ್ಮು, ಎರಡು ದಿನದ ಕೂಲಿ, ಎಲ್ಲವೂ ಉಳಿಯಿತು. ತ್ರಿಜ್ಯ ಕಡಿಮೆಯಾದ್ದರಿಂದ ಆಕ್ಸಲಿನ ಮೇಲಿನ ತಿರುಚೂ ಶೇ. 8ಕ್ಕಿಂತ ತುಸು ಹೆಚ್ಚೇ ಇಳಿಯಿತು. ಆದರೆ ಬೆಲೆ ತೆರದೆ ಏನೂ ಬರುವುದಿಲ್ಲ. ಎಂಜಿನ್ ನಿಮಿಷಕ್ಕೆ 5,200 ಸುತ್ತಿನಲ್ಲಿರುವಾಗ ಮೂರನೆಯ ಗೇರಿನಲ್ಲಿ ಮೊದಲು ಗಂಟೆಗೆ ಸುಮಾರು 190 ಕಿ.ಮೀ. ದೊರೆಯುತ್ತಿದ್ದರೆ ಈಗ ಸುಮಾರು 174 ಕಿ.ಮೀ. ಮಾತ್ರ. ಮುಂದೆ ಎಂಜಿನ್ನಿನ ಶಕ್ತಿ ಹೆಚ್ಚಿಸಿದರೆ ಗೆರೆ ಮುಟ್ಟುವ ಮೊದಲೇ ನಾಲ್ಕನೆಯ ಗೇರಿಗೆ ಹೋಗಬೇಕಾಗಿ, ಗಳಿಸಿದ್ದು ಅಲ್ಲಿಯೇ ಕಳೆಯುತ್ತದೆ. ಬ್ರೇಕಿನ ಕ್ಯಾಲಿಪರು ಒಳಗೆ ಹಿಡಿಸುವಷ್ಟು ರಿಮ್ಮು ದೊಡ್ಡದಿರಬೇಕೆಂಬುದೂ ಒಂದು ಮಿತಿ. ವೇಗಮಾಪಕ ತಪ್ಪು ತೋರಿಸುವುದನ್ನು ಪ್ರತ್ಯೇಕವಾಗಿ ಸರಿಪಡಿಸಬೇಕು.

ಸ್ಪ್ರಿಂಗು, ಆಕ್ಸಲು, ಶಾಫ್ಟು

ಪಟ್ಟಿ ಸ್ಪ್ರಿಂಗಿನ ಮೇಲೆ ಕೂತ ಹಿಂದಿನ ಹೌಸಿಂಗು, ಚಕ್ರ ನೆಲವನ್ನು ಹಿಡಿದ ಕೂಡಲೇ ತಾನು ಎದುರು ದಿಕ್ಕಿಗೆ ತಿರುಗಲು ನೋಡುತ್ತದೆ. ಪಟ್ಟಿಗಳು ಹಾವಿನಂತೆ ಬಳುಕಿ, ಮರುಕ್ಷಣ ಬಿಚ್ಚಿಕೊಂಡು, ಚಕ್ರ ಕುಪ್ಪಳಿಸುತ್ತದೆ. ಒಂದೇ ಸಮನಾದ ಹೊರೆಯನ್ನು ತಾಳುವ ಕ್ರೌನು ಈ ಸುತ್ತಿಗೆ ಪೆಟ್ಟನ್ನು ತಾಳುವುದಿಲ್ಲ. ಹೌಸಿಂಗನ್ನು ಮುಂದಿನ ಸ್ಪ್ರಿಂಗ್ ಕಣ್ಣಿಗೆ ಆನಿಸುವ ಟ್ರ್ಯಾಕ್ಷನ್ ಬಾರ್ ಎಂಬ ಸರಳು ಇದಕ್ಕೆ ಪರಿಹಾರ. ಕೊಳವೆ, ಕೊಂಡಿ, ಬೆಸುಗೆ, ಬುಶ್ಶು, ಇಷ್ಟೇ ಅದರ ಸಾಮಗ್ರಿ. ನಮ್ಮ ಯಾವುದೇ ಸಣ್ಣ ವರ್ಕ್‌ಶಾಪ್ ಮಾಡಬಹುದಾದ ಈ ಭಾಗವು ಅದಕ್ಕಿಂತ ಎಷ್ಟೋ ಪಟ್ಟು ಬೆಲೆಯ ಡಿಫರೆನ್ಶಿಯಲನ್ನು ಕಾಪಾಡುತ್ತದೆ.

ಹಿಂದಿನ ಆಕ್ಸಲಿನ ಕಥೆ ವಾಣಿಜ್ಯದ ದೃಷ್ಟಿಯಿಂದ ಬಹಳ ಸ್ವಾರಸ್ಯಕರ. ಫೋರ್ಡ್ ಕಂಪನಿ 1957ರಲ್ಲಿ 9 ಇಂಚಿನ ಕ್ರೌನುಳ್ಳ ಒಂದು ಆಕ್ಸಲನ್ನು ಹೊರತಂದು, 1980ರ ದಶಕದ ಮಧ್ಯದಲ್ಲಿ ಅದನ್ನು ನಿಲ್ಲಿಸಿತು. ಅದರಲ್ಲಿ ಪಿನಿಯನ್‌ಗೆ ಎರಡರ ಬದಲು ಮೂರು ಬೇರಿಂಗಿನ ಆಸರೆ. ಹಲ್ಲುಗಳ ಪರಸ್ಪರ ಹಿಡಿತವೂ ಹೆಚ್ಚು. ಇನ್ನೂ ಮುಖ್ಯವಾಗಿ, ಕ್ರೌನ್-ಪಿನಿಯನ್ ಇರುವ ಇಡೀ ಗೂಡನ್ನು ಮುಂಭಾಗದಿಂದ ಕಳಚಿ ಮೇಜಿನ ಮೇಲಿಟ್ಟು ಜೋಡಿಸಬಹುದು. ರಸ್ತೆಗೊಂದು, ರೇಸಿಗೊಂದು ಗೂಡು ಸಿದ್ಧವಿಟ್ಟುಕೊಂಡವನು ಅನುಪಾತವನ್ನು ಕೆಲವೇ ತಾಸಿನಲ್ಲಿ ಬದಲಿಸಬಲ್ಲ. ಹಲ್ಲುಗಳ ಜಾರುವಿಕೆಯಲ್ಲಿ ಸ್ವಲ್ಪ ಶಕ್ತಿ ಹೆಚ್ಚು ಸೋರುತ್ತದೆಂಬ ಕೊರತೆಯುಂಟು. ಬಲದ ಮುಂದೆ ಅದನ್ನು ಯಾರೂ ಎಣಿಸುವುದಿಲ್ಲ. ಮೂಲ ತಯಾರಕನು ಕೈಬಿಟ್ಟ ಈ ವಸ್ತುವನ್ನು ಕರೀ ಎಂಟರ್‌ಪ್ರೈಸಸ್, ಸ್ಟ್ರೇಂಜ್ ಎಂಜಿನಿಯರಿಂಗ್, ಮೋಸರ್ ಎಂಜಿನಿಯರಿಂಗ್ ಮುಂತಾದ ಸಂಸ್ಥೆಗಳು ಹೌಸಿಂಗು, ಶಾಫ್ಟು, ಗೇರು ಸಹಿತ ಹೊಸದಾಗಿಯೇ ತಯಾರಿಸಿ ಮಾರುತ್ತಿವೆ. ಜನರಲ್ ಮೋಟರ್ಸಿನ ವಾಹನಗಳಿಗೂ ಇದೇ ಆಕ್ಸಲನ್ನು ಹಾಕಿಸಿಕೊಳ್ಳುವವರಿದ್ದಾರೆ. ದೊಡ್ಡ ಕಾರ್ಖಾನೆಯ ದೃಷ್ಟಿಯಲ್ಲಿ ಆಯುಷ್ಯ ತೀರಿದ ವಿನ್ಯಾಸವೊಂದು ಸಣ್ಣ ತಯಾರಕರಿಗೆ ದಶಕಗಳ ಕಾಲ ಅನ್ನ ಕೊಟ್ಟಿದೆ.

ಎರಡೂ ಚಕ್ರಗಳನ್ನು ಒಂದಾಗಿ ಬಿಗಿಯುವ ಸ್ಪೂಲ್ ಎಂಬ ಭಾಗ ನೇರ ಓಟಕ್ಕೆ ಒಳ್ಳೆಯದು, ತಿರುವಿರುವ ರಸ್ತೆಯಲ್ಲಿ ಟೈರನ್ನೂ ಶಾಫ್ಟನ್ನೂ ತಿನ್ನುತ್ತದೆ. ರಸ್ತೆಯಲ್ಲಿಯೂ ಓಡಬೇಕಾದ ಟ್ರಕ್ಕಿಗೆ ಲಿಮಿಟೆಡ್ ಸ್ಲಿಪ್ ಬಗೆಯೇ ಲೇಸು. ಪ್ರೊಪೆಲ್ಲರ್ ಶಾಫ್ಟು ಮುಂದಿನ ಜಾಯಿಂಟಿನಲ್ಲಿ ಕಳಚಿದರೆ ನೆಲಕ್ಕೆ ನಾಟಿಕೊಂಡು ವಾಹನವನ್ನೇ ಎತ್ತಿ ಎಸೆಯಬಲ್ಲದು. ಆದ್ದರಿಂದಲೇ ಸ್ಲಿಕ್ ಹಾಕಿ 13.99 ಸೆಕೆಂಡಿನಲ್ಲಿ ಅಥವಾ ಅದಕ್ಕಿಂತ ಬೇಗ ಓಡುವ ವಾಹನಕ್ಕೆ ಶಾಫ್ಟಿನ ಸುತ್ತ ಉಕ್ಕಿನ ಬಳೆ ಕಡ್ಡಾಯ. 10.99 ಸೆಕೆಂಡಿಗೆ ಬಂದರೆ ಕಾರ್ಖಾನೆಯ ಆಕ್ಸಲ್ ಶಾಫ್ಟು ಸಲ್ಲದು, ಬಲಪಡಿಸಿದ್ದನ್ನೇ ಹಾಕಬೇಕು. ನಿಯಮಾವಳಿ ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಆಯಾ ವರ್ಷದ ಪುಸ್ತಕವನ್ನು ನೋಡಿಯೇ ಸರಕು ಕಳುಹಿಸಬೇಕು.

ಗೇರ್ ಬಾಕ್ಸಿಗೆ ಹೆಚ್ಚು ಸುತ್ತಿನಲ್ಲಿ ಹಿಡಿಯುವ ಕನ್ವರ್ಟರು, ಅದರ ಶಾಖಕ್ಕೆ ದೊಡ್ಡ ಆಯಿಲ್ ಕೂಲರು, ಇವೆರಡೂ ಜೊತೆಯಾಗಿಯೇ ಹೋಗಬೇಕು.

ದಾಸ್ತಾನು ಮತ್ತು ಹೊಣೆ

ಸರಣಿಯ ಕ್ರಮವನ್ನು ಬಲ್ಲ ವ್ಯಾಪಾರಿ ಟೈರು, ಸ್ಟಡ್ಡು, ಟ್ರ್ಯಾಕ್ಷನ್ ಬಾರು, ಶಾಫ್ಟಿನ ಬಳೆ ಇವುಗಳನ್ನು ಒಂದು ಕಟ್ಟಾಗಿ ಮಾರುತ್ತಾನೆ. ಟೈರನ್ನಷ್ಟೇ ಮಾರಿದವನಿಗೆ ಮೂರು ವಾರದಲ್ಲಿ ಮುರಿದ ಆಕ್ಸಲಿನ ದೂರು ಬರುತ್ತದೆ, ಟೈರಿನ ಹಣ ಹಿಂದಿರುಗಿಸುವ ಬೇಡಿಕೆಯೂ ಬರುತ್ತದೆ.

ಚಕ್ರದ ವ್ಯಾಪಾರದಲ್ಲಿ ನಿಜವಾದ ಅಪಾಯ ದಾಸ್ತಾನು. ನಾಲ್ಕು ವ್ಯಾಸ, ಮೂರು ಅಗಲ, ಆರು ಬಗೆಯ ಸ್ಟಡ್ಡು ವೃತ್ತ, ನಾಲ್ಕು ಬಗೆಯ ಆಫ್‌ಸೆಟ್ ಎಂದರೆ 288 ಬಗೆಯ ಚಕ್ರ. ಪ್ರತಿಯೊಂದರಲ್ಲಿ ನಾಲ್ಕೇ ಇಟ್ಟರೂ 1,152 ಚಕ್ರಗಳ ಬಂಡವಾಳ ಕಪಾಟಿನಲ್ಲಿ ಕೂರುತ್ತದೆ. ಅದರಲ್ಲಿ ಹೆಚ್ಚಿನವು ಚಲಿಸುವುದೇ ಇಲ್ಲ. ತೂತು ಕೊರೆಯದ, ಕೂರುವ ಮೈಯಲ್ಲಿ ಹೆಚ್ಚು ಲೋಹ ಬಿಟ್ಟ ಕಚ್ಚಾ ಚಕ್ರವನ್ನು ಎರಕ ಅಥವಾ ಫೋರ್ಜಿಂಗ್ ಮಾಡಿಟ್ಟು, ಆರ್ಡರು ಬಂದ ಮೇಲೆ ಕೊರೆಯುವುದಾದರೆ ಇಡಬೇಕಾದದ್ದು ಹನ್ನೆರಡೇ ಬಗೆ. 1956ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಂಭವಾದ ಅಮೆರಿಕನ್ ರೇಸಿಂಗ್ ಎಂಬ ಪ್ರಸಿದ್ಧ ಚಕ್ರ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಟಾಮ್ ಗ್ರಿಫಿತ್ ಮೂಲತಃ ಮೆಷಿನ್ ಶಾಪಿನ ಮಾಲೀಕರು ಎಂಬುದನ್ನು ನಮ್ಮ ಸದಸ್ಯರು ಗಮನಿಸಬಹುದು.

ಹೀಗೆ ಚದುರಿದ್ದ ಸಣ್ಣ ತಯಾರಕರು 1963ರಲ್ಲಿ ಸೇರಿ ಸೆಮಾ ಎಂಬ ಸಂಘ ಕಟ್ಟಿಕೊಂಡರು. 1967ರಲ್ಲಿ ಲಾಸ್ ಏಂಜಲಿಸಿನ ಡಾಜರ್ ಕ್ರೀಡಾಂಗಣದಲ್ಲಿ ಮೊದಲ ಪ್ರದರ್ಶನ ನಡೆಯಿತು. 1977ರಿಂದ ಅದು ಲಾಸ್ ವೇಗಾಸಿಗೆ ಸ್ಥಳಾಂತರಗೊಂಡಿತು. ನನ್ನ ಅಭಿಪ್ರಾಯದಲ್ಲಿ ಪ್ರದರ್ಶನಕ್ಕಿಂತ ದೊಡ್ಡ ಸಾಧನೆಯೆಂದರೆ ಮಾನಕ. ಸೆಮಾದ ಕಾರ್ಯಕ್ರಮದಿಂದ 1978ರಲ್ಲಿ ಬೇರ್ಪಟ್ಟ ಎಸ್‌ಎಫ್‌ಐ ಫೌಂಡೇಷನ್, ಸ್ವಯಂಚಾಲಿತ ಗೇರ್ ಬಾಕ್ಸಿನ ಫ್ಲೆಕ್ಸ್‌ಪ್ಲೇಟಿಗೆ 29.1, ಗೇರ್ ಬಾಕ್ಸಿನ ರಕ್ಷಾಕವಚಕ್ಕೆ 4.1 ಎಂಬಂತೆ ಭಾಗವಾರು ನಿರ್ದೇಶಗಳನ್ನು ಪ್ರಕಟಿಸುತ್ತದೆ. ಮಾರುಕಟ್ಟೆಯ ಚಕ್ರಗಳಿಗೆ ಎಸ್‌ಎಇ ಜೆ 2530 ಎಂಬ ಪರೀಕ್ಷಾ ವಿಧಾನವಿದೆ. ಈ ಗುರುತುಗಳಿದ್ದರೆ ಊರು ಪೇರು ತಿಳಿಯದ ತಯಾರಕನ ಸರಕನ್ನೂ ಕೊಳ್ಳುವವನು ಧೈರ್ಯದಿಂದ ಕೊಳ್ಳುತ್ತಾನೆ. ಬೇರೆ ತಯಾರಕನ ಭಾಗ ಹಾಕಿದ ಮಾತ್ರಕ್ಕೆ ವಾಹನ ಕಂಪನಿ ವಾರಂಟಿಯನ್ನು ನಿರಾಕರಿಸಲಾಗದು, ಆ ಭಾಗದಿಂದಲೇ ಹಾನಿಯಾಯಿತೆಂದು ತೋರಿಸಬೇಕು ಎಂಬ ರಕ್ಷಣೆಯನ್ನು ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ಕಾಯಿದೆ ಕೊಟ್ಟಿದೆ. ರೇಸಿನಲ್ಲಿ ಆದ ಹಾನಿ ಬೇರೆ ಮಾತು.

ನಮ್ಮ ದೇಶದಲ್ಲಿ

ಇಲ್ಲಿ ಕಾನೂನಿನ ಸ್ಥಿತಿ ಸಂಪೂರ್ಣ ಭಿನ್ನ. ಮೋಟಾರು ವಾಹನ ಕಾಯಿದೆ, 1988ರ 52ನೇ ಪ್ರಕರಣದಂತೆ ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು ಜನವರಿ 2019ರ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದ ಅಡಿಯಲ್ಲಿ ಅನುಮತಿಯಿಲ್ಲದೆ ಮಾರ್ಪಾಡು ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ. ವ್ಯಾಪಾರಿಗಳು ಅದೇ ಪ್ರಕರಣದ 3ನೇ ಉಪಪ್ರಕರಣವನ್ನು ಓದಬೇಕು: ನಿರ್ಣಾಯಕ ಸುರಕ್ಷತಾ ಭಾಗವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಭಾಗವನ್ನು ಮಾನಕಕ್ಕೆ ವಿರುದ್ಧವಾಗಿ ಮಾರಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಪ್ರತಿ ಭಾಗಕ್ಕೆ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ. ಸಾರ್ವಜನಿಕ ಸ್ಥಳದಲ್ಲಿ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ವೇಗದ ಸ್ಪರ್ಧೆ ನಡೆಸುವುದು 189ನೇ ಪ್ರಕರಣದಂತೆ ಅಪರಾಧ.

ಮುಚ್ಚಿದ ಪಟ್ಟಿಯಲ್ಲಿ ಅಧಿಕೃತ ಸ್ಪರ್ಧೆಗೆ ಹೋಗುವವರು ವಿಮಾ ಪಾಲಿಸಿಯಲ್ಲಿ ಬಳಕೆಯ ಮಿತಿಗಳ ಕಲಮನ್ನು ನೋಡುವುದು ಅಗತ್ಯ. ಸಂಘಟಿತ ರೇಸು ಮತ್ತು ವೇಗ ಪರೀಕ್ಷೆ ಸಾಮಾನ್ಯ ಮೋಟಾರು ಪಾಲಿಸಿಯ ವ್ಯಾಪ್ತಿಯಿಂದ ಹೊರಗಿರುತ್ತವೆ. ಸಂಸ್ಥೆಯ ಹೆಸರಿನಲ್ಲಿರುವ ವಾಹನವನ್ನು ಮಾಲೀಕರ ಮಗ ಭಾನುವಾರ ಪಟ್ಟಿಗೆ ಒಯ್ದರೆ, ಮುರಿದ ಆಕ್ಸಲಿನ ಬಿಲ್ಲು ಸೋಮವಾರ ದುರಸ್ತಿ ಖಾತೆಗೆ ಬರುತ್ತದೆ. ಅದನ್ನು ಮಾಲೀಕರ ಸ್ವಂತ ಖರ್ಚಿನ ಖಾತೆಗೆ ಬರೆಯುವಂತೆ ಈಗಲೇ ನಿಮ್ಮ ಗುಮಾಸ್ತರಿಗೆ ತಿಳಿಸಿಡಿ.